ಬೈಸಿಕಲ್ಲಿನ ಬೀಗವೂ ಅದನ್ನು ಕಟ್ಟುವ ಗೂಟವೂ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೊರಡುವ ಹೆದ್ದಾರಿಯ ಮೇಲೆ, ನಗರದ ಪೂರ್ವದ ಅಂಚಿನಲ್ಲಿ, ಹಡಪಸರವಿದೆ. ಅಲ್ಲಿಯ ದೊಡ್ಡ ಬಸ್ ನಿಲ್ದಾಣವನ್ನು ಜನರು ಇಂದಿಗೂ ‘ಗಾಡೀತಳ’ವೆಂದೇ ಕರೆಯುತ್ತಾರೆ. ಮರಾಠಿಯಲ್ಲಿ ‘ತಳ’ವೆಂದರೆ ಬಿಡಾರ, ಪಯಣಿಗರು ಇಳಿದುಕೊಳ್ಳುವ ಠಾವು; ಗಾಡೀತಳವೆಂದರೆ ಗಾಡಿಗಳನ್ನು ಬಿಡುವ ಬಯಲು. ಇಂದು ಅಲ್ಲಿ ಎತ್ತಿನ ಗಾಡಿಯೂ ಇಲ್ಲ, ಬಯಲೂ ಇಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ. ವಾಹನವನ್ನು ಓಡಿಸುವುದು ಹೇಗೋ ಹಾಗೆಯೇ ಅದನ್ನು ನಿಲ್ಲಿಸುವುದೂ ಊರು ಯೋಚಿಸಬೇಕಾದ ವಿಷಯವೆಂದು ಹಿಂದಿನವರು ತಿಳಿದಿದ್ದರೆಂಬುದಕ್ಕೆ ಈ ಹೆಸರೊಂದು ಸಾಕ್ಷಿ.

ಗಾಡಿಯನ್ನು ಬಯಲಿನಲ್ಲಿ ಬಿಟ್ಟುಹೋಗುತ್ತಿದ್ದವನಿಗೆ ಬೀಗದ ಗೊಡವೆಯಿರಲಿಲ್ಲ. ನೊಗದಿಂದ ಎತ್ತುಗಳನ್ನು ಬಿಚ್ಚಿದನೆಂದರೆ ಗಾಡಿಯ ಬಲವೆಲ್ಲ ಅವುಗಳೊಡನೆ ಬೇರೆಯಾಯಿತು. ಎತ್ತನ್ನು ಕಟ್ಟುವುದಕ್ಕೆ ಗೂಟವಿತ್ತು, ಕುದುರೆಯನ್ನು ಕಟ್ಟುವುದಕ್ಕೆ ಲಾಯವಿತ್ತು. ಮೋಟಾರು ವಾಹನದ ಬಲ ಯಂತ್ರದಲ್ಲಿದೆ. ಆ ಯಂತ್ರವನ್ನು ಎಬ್ಬಿಸುವ ಕೀಲಿಕೈ ಒಡೆಯನ ಜೇಬಿನಲ್ಲಿರುತ್ತದೆ. ಬೈಸಿಕಲ್ಲು ಇವೆರಡರ ಜಾತಿಗೂ ಸೇರಿದ್ದಲ್ಲ. ಅದರ ಬಲ ತುಳಿಯುವವನ ಕಾಲಿನಲ್ಲಿದೆ. ಆ ಕಾಲು ಯಾರದಾದರೂ ಆಗಬಹುದು. ಕಳ್ಳನು ಎಂಜಿನ್ನನ್ನು ಎಬ್ಬಿಸಬೇಕಾಗಿಲ್ಲ, ಎತ್ತನ್ನು ಹೊಂದಿಸಬೇಕಾಗಿಲ್ಲ. ಹತ್ತಿ ಕುಳಿತರೆ ಸಾಕು, ಕದ್ದ ಮಾಲೇ ಅವನನ್ನು ಹೊತ್ತುಕೊಂಡು ಓಡುತ್ತದೆ. ತುಳಿಯಲಾಗದಂತೆ ಬೀಗ ಬಿದ್ದಿದ್ದರೂ ಒಬ್ಬನೇ ಆಳು ಹೆಗಲ ಮೇಲೆ ಹೊತ್ತೊಯ್ಯಬಲ್ಲಷ್ಟೇ ಅದರ ತೂಕ. ಆದಕಾರಣ ಬೈಸಿಕಲ್ಲಿಗೆ ಬೇಕಾದದ್ದು ಬೀಗವೊಂದೇ ಅಲ್ಲ. ಕುದುರೆಗೆ ಬೇಕಾದಂತೆ ನೆಲದಲ್ಲಿ ಊರಿದ ಒಂದು ಗೂಟವೂ ಬೇಕು. ನಗರಗಳಲ್ಲಿ ಬೀಗದ ವಿಚಾರವಾಗಿ ನಡೆದಿರುವಷ್ಟು ಆಲೋಚನೆ ಗೂಟದ ವಿಚಾರವಾಗಿ ನಡೆದಿಲ್ಲ.

ಹಡಪಸರಕ್ಕೂ ಬೈಸಿಕಲ್ಲಿಗೂ ಇರುವ ನಂಟಿನಲ್ಲಿ ಕನ್ನಡ ನಾಡಿನ ಪಾಲೊಂದಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಯಂತ್ರಚಿತ್ರಣವನ್ನು ಬೋಧಿಸುತ್ತಿದ್ದವರು. ೧೮೮೮ರಲ್ಲಿ ಬೆಳಗಾವಿಯಲ್ಲಿ ಅವರ ಬೈಸಿಕಲ್ ಅಂಗಡಿ ತೆರೆಯಿತು. ಅಣ್ಣ ರಾಮುಅಣ್ಣನವರು ಆ ವ್ಯಾಪಾರದಲ್ಲಿ ಜೊತೆಗೂಡಿದರು. ಸೈಕಲ್ಲು ಮಾರುವುದು, ರಿಪೇರಿ ಮಾಡುವುದು, ಕೊಂಡವರಿಗೆ ಸವಾರಿ ಕಲಿಸುವುದು, ಇವು ಅಂಗಡಿಯ ಕೆಲಸ. ಅಲ್ಲಿಂದ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರಗಳತ್ತ ತಿರುಗಿದ ಆ ಉದ್ಯಮ ೧೯೧೦ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿಯಾಗಿ ನೆಲೆಗೊಂಡಿತು. ಅದೇ ಮನೆತನದ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಕಂಪನಿ ೧೯೫೮ರಲ್ಲಿ ಸ್ಥಾಪನೆಯಾಗಿ ಹಡಪಸರದ ಕೈಗಾರಿಕಾ ವಸಾಹತಿನಲ್ಲಿ ಬೇರೂರಿತು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಹಡಪಸರದ ಗಾಳಿಯಂತ್ರಗಳ ಕಾರ್ಖಾನೆಗೆ ಎಪ್ಪತ್ತು ವರ್ಷದ ದಾರಿ. ಆ ಕಾರ್ಖಾನೆಯ ಕೆಲಸಗಾರರೋ ಬಹುಮಟ್ಟಿಗೆ ಸೈಕಲ್ಲಿನ ಮೇಲೆಯೇ ಬರುವ ಕಾಲವದು. ೧೯೬೬ರಲ್ಲಿ ಸೀರಮ್ ಸಂಸ್ಥೆ ಅಲ್ಲಿಯೇ ಪ್ರಾರಂಭವಾಯಿತು. ನೆರೆಯ ಮುಂಢವೆಯಲ್ಲಿ ಭಾರತ್ ಫೋರ್ಜ್ ಎದ್ದಿತು. ಪುಣೆ ಸೈಕಲ್ಲುಗಳ ಊರೆಂದು ದೇಶದಲ್ಲೆಲ್ಲ ಹೆಸರಾಗಿದ್ದುದು ಆ ದಶಕಗಳಲ್ಲಿಯೇ.

ಆ ಕಾಲದ ಸೈಕಲ್ಲುಗಳು ಎಲ್ಲಿ, ಹೇಗೆ ನಿಲ್ಲುತ್ತಿದ್ದವೆಂಬುದನ್ನು ತಿಳಿಯಲು ‘ಸ್ಟ್ಯಾಂಡು’ ಎಂಬ ಒಂದು ಮಾತನ್ನು ಬಿಡಿಸಿ ನೋಡಿದರೆ ಸಾಕು. ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥಗಳು ರೂಢವಾಗಿವೆ. ಸೈಕಲ್ಲಿನ ಹಿಂಗಾಲಿಗೆ ಜೋಡಿಸಿರುವ, ಒದ್ದು ಎಳೆದರೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಕಬ್ಬಿಣದ ಕಾಲು ಒಂದು ಸ್ಟ್ಯಾಂಡು. ರೈಲುನಿಲ್ದಾಣ, ಸಿನೆಮಾ ಮಂದಿರ, ಕಾರ್ಖಾನೆ, ಆಸ್ಪತ್ರೆಗಳ ಮಗ್ಗುಲಲ್ಲಿ ತಗಡಿನ ಚಪ್ಪರದ ಕೆಳಗೆ ಸಾಲಾಗಿ ಸೈಕಲ್ಲುಗಳನ್ನು ಇಡುವ ಜಾಗ ಇನ್ನೊಂದು ಸ್ಟ್ಯಾಂಡು. ಸೈಕಲ್ಲನ್ನು ಬಿಗಿಯುವ ಕಂಬಿ ಎಂಬ ಅರ್ಥ ಮಾತ್ರ ಇದಕ್ಕೆ ಬರಲೇ ಇಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಸೈಕಲ್ಲು ತನ್ನ ಕಾಲಿನ ಮೇಲೆ ತಾನೇ ನಿಲ್ಲುತ್ತಿತ್ತು, ಕಾಯುವುದಕ್ಕೆ ಮನುಷ್ಯನಿದ್ದನು. ಅವನು ನಂಬರು ಹೊಡೆದ ಬಿಲ್ಲೆಯೊಂದನ್ನು ಹ್ಯಾಂಡಲಿಗೆ ನೇತುಹಾಕಿ ಅದರ ಜೊತೆಯದನ್ನು ಸವಾರನ ಕೈಗೆ ಕೊಡುತ್ತಿದ್ದನು. ಮರಳಿ ಬಂದಾಗ ಎರಡೂ ಒಂದಕ್ಕೊಂದು ಹೊಂದಿದರೆ ಸೈಕಲ್ಲು ಹೊರಗೆ ಬರುತ್ತಿತ್ತು. ಆಟ ಬಿಟ್ಟೊಡನೆ ಅವಸರದವನೊಬ್ಬನು ತನ್ನದನ್ನು ಎಳೆದು, ಸಾಲಿಗೆ ಸಾಲೇ ಒಂದರ ಮೇಲೊಂದು ಒರಗಿ ಬೀಳುವುದೂ ಈ ವ್ಯವಸ್ಥೆಯ ಒಂದು ಅಂಗವೇ ಆಗಿತ್ತೆನ್ನಬೇಕು.

ಬಿಲ್ಲೆ ಕೊಡುವ ಈ ಸಾಮಾನ್ಯ ವ್ಯವಹಾರದ ಹಿಂದೆ ಗಟ್ಟಿಯಾದ ಕಾನೂನೊಂದಿದೆ. ೧೮೭೨ರ ಭಾರತೀಯ ಕರಾರು ಅಧಿನಿಯಮದ ೧೪೮ನೆಯ ಪ್ರಕರಣದಿಂದ ಮುಂದಕ್ಕೆ, ಒಬ್ಬನು ತನ್ನ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಇನ್ನೊಬ್ಬನ ವಶಕ್ಕೆ ಕೊಟ್ಟು ಹಿಂದಕ್ಕೆ ಪಡೆಯುವ ವ್ಯವಹಾರದ ನಿಯಮಗಳನ್ನು ಹೇಳಿದೆ. ೧೫೧ನೆಯ ಪ್ರಕರಣದಂತೆ, ವಸ್ತುವನ್ನು ವಶಕ್ಕೆ ಪಡೆದವನು ಸಾಮಾನ್ಯ ವಿವೇಕಿಯಾದವನು ತನ್ನ ಸ್ವಂತ ವಸ್ತುವನ್ನು ಅಂಥದೇ ಸನ್ನಿವೇಶದಲ್ಲಿ ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನ ಮಾಡತಕ್ಕದ್ದು. ಹಾಗೆ ಮಾಡಿಯೂ ವಸ್ತು ಹೋದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಅವನು ಹೊಣೆಗಾರನಲ್ಲವೆಂದು ೧೫೨ನೆಯದು ಹೇಳುತ್ತದೆ. ಹಣ ತೆತ್ತು ಬಿಲ್ಲೆ ಪಡೆದು ಸೈಕಲ್ಲು ಒಪ್ಪಿಸಿದವನಿಗೆ ಕೇಳುವ ಹಕ್ಕು ಇದೆಯೆಂದಾಯಿತು. ರಸ್ತೆಯ ಬದಿಯ ದೀಪದ ಕಂಬಕ್ಕೆ ಕಟ್ಟಿದವನಿಗಾದರೋ ಕೇಳುವುದಕ್ಕೆ ಯಾರೂ ಇಲ್ಲ.

ಹಣವಂತರು ಸ್ಕೂಟರಿಗೂ ಬಳಿಕ ಮೋಟಾರು ಸೈಕಲ್ಲಿಗೂ ಏರಿದಂತೆ ಸ್ಟ್ಯಾಂಡಿನ ಜಾಗವೂ ಅವುಗಳ ಪಾಲಾಯಿತು. ಒಂದು ಮೋಟಾರು ಸೈಕಲ್ಲಿನಿಂದ ಬರುವ ಬಾಡಿಗೆ ಹೆಚ್ಚು; ಗುತ್ತಿಗೆದಾರನು ಲಾಭ ನೋಡದಿರುವನೆ? ಬಿಲ್ಲೆಯವನು ಕಣ್ಮರೆಯಾದನು, ಅವನ ಸ್ಥಾನದಲ್ಲಿ ಕಂಬಿಯನ್ನು ಊರಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಆದರೆ ಸೈಕಲ್ಲು ಹೋಗಿಬಿಡಲಿಲ್ಲ. ೨೦೧೧ರ ಜನಗಣತಿಯಲ್ಲಿಯೂ ಭಾರತದ ಕುಟುಂಬಗಳಲ್ಲಿ ಶೇಕಡ ೪೪.೮ರ ಬಳಿ ಸೈಕಲ್ಲು ಇತ್ತು. ಸ್ಕೂಟರು ಮೋಟಾರು ಸೈಕಲ್ಲುಗಳಿದ್ದವು ಶೇಕಡ ೨೧ ಮಾತ್ರ. ನಗರದಲ್ಲಿ ಅದನ್ನು ತುಳಿಯುವವರು ಬದಲಾದರು, ಅಷ್ಟೆ. ರಾತ್ರಿಪಾಳಿಯ ಕಾವಲುಗಾರ, ಕಟ್ಟಡದ ಕೂಲಿ, ಪತ್ರಿಕೆ ಹಂಚುವ ಹುಡುಗ, ಗಾರೆಯವನು, ಬಡಗಿ, ಹಾಲು ತರುವವನು: ಇವರ ಪಾಲಿಗೆ ಅದು ಉಳಿಯಿತು. ವಿಜಯಪುರ, ಕಲಬುರ್ಗಿ, ಅಕ್ಕಲಕೋಟೆಗಳ ಕಡೆಯಿಂದ ಸೊಲ್ಲಾಪುರದ ದಾರಿ ಹಿಡಿದು ದುಡಿಮೆಗೆ ಬರುವ ಕನ್ನಡಿಗರಿಗೆ ಪುಣೆಯ ಹೆಬ್ಬಾಗಿಲೇ ಹಡಪಸರ. ಅವರಲ್ಲಿಯೂ ಇಂಥವರು ಬೇಕಾದಷ್ಟು ಮಂದಿ. ಸೈಕಲ್ಲು ಕಳೆದ ದಿನ ಇವರಿಗೆ ವಾಹನ ಮಾತ್ರ ಹೋಗುವುದಿಲ್ಲ. ದೂರದ ಕೆಲಸವೂ ಹೋಗುತ್ತದೆ. ೧೯೪೮ರಲ್ಲಿ ಇಟಲಿಯ ವಿಟ್ಟೋರಿಯೊ ಡಿ ಸಿಕಾ ತೆಗೆದ ‘ಬೈಸಿಕಲ್ ಥೀವ್ಸ್’ ಚಲನಚಿತ್ರದ ಕಥೆಯೆಲ್ಲ ನಿಂತಿರುವುದು ಇದೊಂದರ ಮೇಲೆಯೇ. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ಲಿರಬೇಕು. ಅವನು ಏಣಿಯ ಮೇಲಿದ್ದಾಗ, ಕೆಲಸದ ಮೊದಲನೆಯ ದಿನವೇ, ಗೋಡೆಗೆ ಒರಗಿಸಿದ್ದ ಸೈಕಲ್ಲು ಹೋಗುತ್ತದೆ. ಬೀಗ ಹಾಕಿರಲಿಲ್ಲವೆಂಬುದನ್ನು ಆ ಚಿತ್ರ ನೋಡಿದವರು ಮರೆಯುವುದುಂಟು.

ನಗರಪಾಲಿಕೆಯು ಸೈಕಲ್ಲನ್ನು ಪೂರ್ತಿಯಾಗಿ ಮರೆತಿತೆನ್ನಲಾಗದು. ಕಾತ್ರಜದಿಂದ ಸ್ವಾರಗೇಟಿನ ಮೂಲಕ ಹಡಪಸರದವರೆಗೆ ಬಸ್ಸಿಗೆಂದೇ ಪ್ರತ್ಯೇಕವಾದ ದಾರಿಯನ್ನು ೨೦೦೬ರ ಡಿಸೆಂಬರಿನಲ್ಲಿ ತೆರೆದಾಗ ಅದರ ಪಕ್ಕದಲ್ಲಿ ಸೈಕಲ್ ಹಾದಿಯನ್ನೂ ಕಟ್ಟಿದರು. ೨೦೧೭ರ ಡಿಸೆಂಬರಿನಲ್ಲಿ ನಗರಕ್ಕೆಲ್ಲ ಅನ್ವಯಿಸುವ ಸಮಗ್ರ ಸೈಕಲ್ ಯೋಜನೆಗೆ ಪಾಲಿಕೆಯ ಸಭೆ ಒಪ್ಪಿಗೆಯಿತ್ತಿತು. ಹಾದಿಯ ಮಾತು ಹೀಗೆ ಅನೇಕ ಸಲ ಬಂದಿದೆ. ಆದರೆ ಹಾದಿಯ ಕೊನೆಯಲ್ಲಿ ಇಳಿದವನು ಸೈಕಲ್ಲನ್ನು ಎಲ್ಲಿ ಬಿಡಬೇಕು? ೨೦೦೫ರ ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದು ಸೈಕಲ್ಲಿಗೆ ಒಂದು ಚದರ ಮೀಟರಿಗೆ ಕಡಿಮೆಯಿಲ್ಲದ ಜಾಗವನ್ನು ವಿಧಿಸಿತು. ದೊಡ್ಡವರ ಸೈಕಲ್ಲು ಸುಮಾರು ೧.೮ ಮೀಟರು ಉದ್ದ. ಹ್ಯಾಂಡಲಿನ ಅಗಲ ೦.೬ ಮೀಟರು. ಗುಣಿಸಿ ನೋಡಿದರೆ ೧.೦೮ ಚದರ ಮೀಟರಾಗುತ್ತದೆ. ಹ್ಯಾಂಡಲುಗಳು ಒಂದರೊಳಗೊಂದು ಸಿಕ್ಕಿಕೊಂಡರೂ ಸರಿ ಎಂದುಕೊಂಡರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಬೀಗ ಹಾಕಲು ಮನುಷ್ಯನೊಬ್ಬನು ಪಕ್ಕದಲ್ಲಿ ನಿಂತು ಬಗ್ಗಬೇಕೆಂಬುದಕ್ಕಂತೂ ಈ ಲೆಕ್ಕದಲ್ಲಿ ಎಡೆಯಿಲ್ಲ.

ಇನ್ನು ಬೀಗದ ವಿಚಾರ. ಮೈಸೂರಿನ ಕಡೆಯವರು ಬೀಗ, ಬೀಗದ ಕೈ ಎನ್ನುವುದನ್ನು ಧಾರವಾಡದ ಕಡೆಯವರು ಕೀಲಿ, ಕೀಲಿಕೈ ಎನ್ನುತ್ತಾರೆ. ಪುಣೆಯ ಅಂಗಡಿಯಲ್ಲಿ ಅದನ್ನು ‘ಕುಲೂಪ’ವೆಂದು ಕೇಳಬೇಕು. ಭಾರತದ ಸೈಕಲ್ಲುಗಳಲ್ಲಿ ಬಹುಕಾಲದಿಂದ ಬಂದಿರುವುದು ಹಿಂದಿನ ಚಕ್ರದ ಮೇಲೆ ಚೌಕಟ್ಟಿಗೆ ತಿರುಪಿನಿಂದ ಬಿಗಿದಿರುವ, ಕುದುರೆಯ ಲಾಳದ ಆಕಾರದ ಬೀಗ. ಒತ್ತಿದರೆ ಅದರ ಸಲಾಕೆ ಚಕ್ರದ ಕಡ್ಡಿಗಳ ನಡುವೆ ಹಾದು ಆಚೆಯ ತೂತಿನಲ್ಲಿ ಕೂರುತ್ತದೆ, ಚಕ್ರ ತಿರುಗದು. ಇದರ ಗುಣ ಸೌಕರ್ಯ: ಬೀಗ ಎಲ್ಲಿಯೂ ಬಿದ್ದುಹೋಗುವುದಿಲ್ಲ, ಅರೆಗಳಿಗೆಯಲ್ಲಿ ಹಾಕಬಹುದು. ಇದರ ದೋಷವನ್ನು ಆಗಲೇ ಸೂಚಿಸಿದೆ: ಸೈಕಲ್ಲನ್ನು ಸೈಕಲ್ಲಿಗೇ ಕಟ್ಟುತ್ತದೆಯೇ ಹೊರತು ಬೇರಾವುದಕ್ಕೂ ಅಲ್ಲ. ಇಪ್ಪತ್ತು ಕಿಲೋಗ್ರಾಮಿನ ಹಳೆಯ ಕರಿಯ ಸೈಕಲ್ಲನ್ನು, ಬಿಲ್ಲೆಯವನ ಕಣ್ಣೆದುರಿನಲ್ಲಿ, ಹೊತ್ತೊಯ್ಯುವುದು ಕಷ್ಟ; ಅಂದಿಗೆ ಅದು ಸಾಲುತ್ತಿತ್ತು. ಕಾಯುವವನಿಲ್ಲದ ಬೀದಿಯಲ್ಲಿ ಅದೇ ಬೀಗ ಕಳ್ಳನನ್ನು ತಡೆಯುವುದಿಲ್ಲ, ತುಸು ತಡಮಾಡಿಸುತ್ತದೆ.

ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಇನ್ನೊಂದು ಬಗೆ ಬಣ್ಣದ ಪ್ಲಾಸ್ಟಿಕ್ಕು ಹೊದಿಸಿದ ತಂತಿಯ ಹುರಿ. ನೋಟಕ್ಕೆ ಬೆರಳಿನಷ್ಟು ದಪ್ಪ. ಒಳಗಿರುವುದೆಲ್ಲ ನವಿರಾದ ತಂತಿಗಳ ಕಟ್ಟು, ಅದರಲ್ಲೂ ಅರ್ಧ ಪ್ಲಾಸ್ಟಿಕ್ಕೇ. ಇಕ್ಕಳದಿಂದ ಎಳೆ ಎಳೆಯಾಗಿ ಕತ್ತರಿಸಬಹುದು. ನಾಲ್ಕು ಅಂಕಿಗಳನ್ನು ಹೊಂದಿಸುವ ಬಗೆಯಾದರೆ ಹತ್ತು ಸಾವಿರ ಸಂಖ್ಯೆಗಳಲ್ಲಿ ಒಂದನ್ನು ಊಹಿಸಬೇಕೆಂದು ಕೊಂಡವನು ಸಮಾಧಾನ ತಾಳುತ್ತಾನೆ. ಆದರೆ ಅಗ್ಗದ ಬೀಗದಲ್ಲಿ ಬಿಲ್ಲೆಗಳು ಸಡಿಲ. ಹುರಿಯನ್ನು ಎಳೆದು ಹಿಡಿದು ಒಂದೊಂದನ್ನೇ ತಿರುಗಿಸಿದರೆ ಸರಿಯಾದ ಅಂಕಿಯಲ್ಲಿ ಬೆರಳಿಗೆ ಹತ್ತುವ ಸಣ್ಣ ತಡೆಯೇ ಗುಟ್ಟನ್ನು ಹೇಳಿಬಿಡುತ್ತದೆ. ಅಲಿಗಡದ, ದಿಂಡಿಗಲ್ಲಿನ ಕಸಬುದಾರರ ಕೈಯಲ್ಲಿ ಆದ ಒಳ್ಳೆಯ ಬೀಗವನ್ನು ದಪ್ಪ ಕೊಂಡಿಗಳ ಉಕ್ಕಿನ ಸರಪಳಿಗೆ ಹಾಕಿದರೆ ಇದಕ್ಕಿಂತ ಎಷ್ಟೋ ಪಾಲು ಮೇಲು. ಬೀಗ ಗಟ್ಟಿಯಾಗಿ ಸರಪಳಿ ಮೆತ್ತಗಿದ್ದರೆ ಪ್ರಯೋಜನವಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ಬಾವಿಯ ಕೊಡದ ಸರಪಳಿ ಸೈಕಲ್ಲಿಗೆ ಆಗದು.

ಗಟ್ಟಿತನದಲ್ಲಿ ಹೆಸರಾದದ್ದು ಯು ಆಕಾರದ ಬೀಗ. ಬಗ್ಗಿಸಿದ ಗಡುಸು ಉಕ್ಕಿನ ಸಲಾಕೆಯೊಂದು, ಅದರ ಎರಡು ತುದಿಗಳನ್ನು ಸೇರಿಸುವ ಅಡ್ಡಪಟ್ಟಿಯೊಂದು, ಇಷ್ಟೇ ಅದರ ರಚನೆ. ಅಮೆರಿಕದಲ್ಲಿ ೧೯೭೦ರ ದಶಕದ ಮೊದಲಲ್ಲಿ ಕ್ರಿಪ್ಟೊನೈಟ್ ಕಂಪನಿ ಇದನ್ನು ಬಳಕೆಗೆ ತಂದಿತು. ಇದರ ಚರಿತ್ರೆಯಲ್ಲಿ ನೆನೆಯತಕ್ಕ ಘಟನೆಯೊಂದಿದೆ. ಕೊಳವೆಯ ಆಕಾರದ ಕೀಲಿಕೈಯಿಂದ ತೆರೆಯುತ್ತಿದ್ದ ಈ ಬೀಗಗಳಲ್ಲಿ ಕೆಲವನ್ನು ಅಗ್ಗದ ಬಾಲ್ ಪೆನ್ನಿನ ಪ್ಲಾಸ್ಟಿಕ್ ಕೊಳವೆಯನ್ನು ತೂರಿಸಿ ತಿರುಗಿಸಿದರೆ ತೆರೆಯಬಹುದೆಂದು ೨೦೦೪ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಕಂಪನಿಯು ಬೀಗಗಳನ್ನು ಉಚಿತವಾಗಿ ಬದಲಾಯಿಸಿಕೊಡಬೇಕಾಯಿತು. ಉಕ್ಕು ಗಡುಸಾಗಿತ್ತು, ಕೀಲಿಯ ತೂತು ಮೆದುವಾಗಿತ್ತು. ಬ್ಯಾಟರಿಯಿಂದ ತಿರುಗುವ ಉಜ್ಜುಚಕ್ರ ಬಂದಮೇಲೆ ಯಾವ ಉಕ್ಕೂ ಬಹಳ ಹೊತ್ತು ತಾಳದು. ಆದರೆ ಅದು ಕಿಡಿ ಕಾರುತ್ತದೆ, ಕಿರುಚುತ್ತದೆ. ನಾಲ್ಕು ಜನರಿರುವ ಎಡೆಯಲ್ಲಿ ಅದನ್ನು ಹಿಡಿಯಲು ಧೈರ್ಯ ಬೇಕು. ಬೀಗವೆಂಬುದು ಕಳ್ಳನಿಗೆ ಹೊತ್ತನ್ನೂ ಸದ್ದನ್ನೂ ಕಡ್ಡಾಯ ಮಾಡುವ ಸಾಧನ. ಆ ಹೊತ್ತಿನಲ್ಲಿ ನೋಡುವ ಕಣ್ಣು ಬೇಕಾದುದರಿಂದಲೇ ಕಂಬಿಯನ್ನು ಎಲ್ಲಿ ಊರುವುದೆಂಬ ಪ್ರಶ್ನೆ ಬೀಗದಷ್ಟೇ ಮುಖ್ಯವಾಗುತ್ತದೆ.

ಶಾಲೆಗಳಲ್ಲಿಯೂ ವಸತಿ ಸಮುಚ್ಚಯಗಳಲ್ಲಿಯೂ ಸಾಮಾನ್ಯವಾಗಿ ಕಾಣಸಿಗುವ ಕಂಬಿಯ ಚೌಕಟ್ಟೊಂದಿದೆ. ನೆಲದಿಂದ ಮೊಳಕಾಲೆತ್ತರದಲ್ಲಿ ಕಬ್ಬಿಣದ ಸಲಾಕೆಗಳನ್ನು ಜೋಡಿ ಜೋಡಿಯಾಗಿ ಬೆಸೆದು ಮಾಡಿದ ಸೀಳುಗಳು. ಒಂದೊಂದರಲ್ಲಿ ಒಂದೊಂದು ಸೈಕಲ್ಲಿನ ಮುಂದಿನ ಚಕ್ರವನ್ನು ತೂರಿಸಬೇಕು. ಮಾಡಲು ಸುಲಭ, ಕಡಿಮೆ ಜಾಗದಲ್ಲಿ ಹೆಚ್ಚು ಸೈಕಲ್ಲು ಹಿಡಿಸುತ್ತದೆಂದು ತೋರುತ್ತದೆ, ನೋಟಕ್ಕೂ ಓರಣ. ಆದರೆ ಇದರಲ್ಲಿ ಎರಡು ದೋಷಗಳಿವೆ. ಚಕ್ರವನ್ನು ಕೆಳಗಡೆ ಮಾತ್ರ ಹಿಡಿದಿರುವುದರಿಂದ ಸೈಕಲ್ಲಿನ ಭಾರ ಪಕ್ಕಕ್ಕೆ ವಾಲಿದಾಗ ಚಕ್ರವೇ ಸನ್ನೆಗೋಲಾಗಿ ರಿಮ್ಮು ಸೊಟ್ಟಾಗುತ್ತದೆ. ಇಂಗ್ಲಿಷ್ ಮಾತಾಡುವ ದೇಶಗಳ ಸೈಕಲ್ಲಿಗರು ಇದಕ್ಕೆ ಚಕ್ರ ಬಗ್ಗಿಸುವ ಯಂತ್ರವೆಂದೇ ಅಡ್ಡಹೆಸರಿಟ್ಟಿದ್ದಾರೆ. ಎರಡನೆಯದು ಇನ್ನೂ ಘನವಾದದ್ದು: ಬೀಗ ಮುಂದಿನ ಚಕ್ರವನ್ನು ಮಾತ್ರ ಮುಟ್ಟುತ್ತದೆ. ಕಳ್ಳನು ಸ್ಪ್ಯಾನರಿನಿಂದ ಎರಡು ನಟ್ಟು ಬಿಚ್ಚಿದರೆ ಚಕ್ರ ಕಂಬಿಯಲ್ಲಿ ಉಳಿಯುತ್ತದೆ, ಉಳಿದದ್ದೆಲ್ಲ ಹೊರಟುಹೋಗುತ್ತದೆ. ಗೇರು ಸೈಕಲ್ಲುಗಳಲ್ಲಿ ಸ್ಪ್ಯಾನರೂ ಬೇಡ. ಇಟಲಿಯ ತುಲಿಯೊ ಕಂಪಾನ್ಯೋಲೊ ೧೯೩೦ರ ಸುಮಾರಿಗೆ ಪಂದ್ಯದ ಸವಾರರಿಗಾಗಿ ರೂಪಿಸಿದ, ಹಿಡಿಕೆಯನ್ನು ಮಗುಚಿದೊಡನೆ ಚಕ್ರ ಕಳಚುವ ಉಪಾಯ ಇಂದು ಊರ ಬೀದಿಯ ಸೈಕಲ್ಲುಗಳಿಗೂ ಬಂದಿದೆ. ಪಂದ್ಯದಲ್ಲಿ ಗಳಿಗೆ ಉಳಿಸಿದ್ದು ಬೀದಿಯಲ್ಲಿ ಕಳ್ಳನಿಗೂ ಗಳಿಗೆ ಉಳಿಸುತ್ತದೆ.

ಇದಕ್ಕೆ ಬದಲಾಗಿ ಅನುಭವಿಗಳು ಹೇಳುವುದು ಅತ್ಯಂತ ಸರಳವಾದ ಒಂದು ವಸ್ತುವನ್ನು: ಸುಮಾರು ಐದು ಸೆಂಟಿಮೀಟರು ವ್ಯಾಸದ ಉಕ್ಕಿನ ಕೊಳವೆಯನ್ನು ಬಾಗಿಸಿ, ಎರಡು ಕಾಲುಗಳನ್ನೂ ಕಾಂಕ್ರೀಟಿನಲ್ಲಿ ಹೂತ, ತಲೆಕೆಳಗಾದ ಯು. ಇಂಗ್ಲೆಂಡಿನ ಷೆಫೀಲ್ಡ್ ನಗರದ ಹೆಸರು ಇದಕ್ಕೆ ನಿಂತಿದೆ. ನೆಲದಿಂದ ಸುಮಾರು ೭೫ ಸೆಂಟಿಮೀಟರು ಎತ್ತರ, ಅಷ್ಟೇ ಅಥವಾ ತುಸು ಹೆಚ್ಚು ಉದ್ದ. ಸೈಕಲ್ಲು ಇದರ ಮಗ್ಗುಲಿಗೆ ಒರಗುತ್ತದೆ. ಚೌಕಟ್ಟು ಎರಡು ಕಡೆ ಆಸರೆ ಪಡೆಯುವುದರಿಂದ ಬೀಳುವುದಿಲ್ಲ, ಚಕ್ರಕ್ಕೆ ಭಾರವಿಲ್ಲ, ಚೌಕಟ್ಟನ್ನೂ ಚಕ್ರವನ್ನೂ ಕೂಡಿಸಿಯೇ ಬಿಗಿಯಬಹುದು. ಎರಡು ಮಗ್ಗುಲಿಗೂ ಒಂದೊಂದರಂತೆ ಒಂದು ಕಂಬಿಗೆ ಎರಡು ಸೈಕಲ್ಲು. ಒಂದು ಕಂಬಿಯಿಂದ ಇನ್ನೊಂದಕ್ಕೆ ಒಂದು ಮೀಟರಿನ ಅಂತರವಿರಬೇಕು. ಗೋಡೆಗೆ ತೀರ ಅಂಟಿಸಿದರೆ ಹೊರ ಮಗ್ಗುಲೊಂದೇ ಉಪಯೋಗಕ್ಕೆ ಬರುತ್ತದೆ. ಈ ಅಂತರದಲ್ಲಿ ಜಿಪುಣತನ ಮಾಡಿದ ಕಡೆಯಲ್ಲೆಲ್ಲ ಜನರು ಒಂದು ಬಿಟ್ಟು ಒಂದು ಕಂಬಿಯನ್ನು ಬಳಸಿ ಲೆಕ್ಕವನ್ನು ತಾವೇ ತಿದ್ದಿಕೊಂಡಿರುತ್ತಾರೆ.

ನಮ್ಮ ದೇಶದ ಸೈಕಲ್ಲುಗಳಿಗೆ ಇದನ್ನು ಹೊಂದಿಸುವಾಗ ಒಂದು ಸಣ್ಣ ತಿದ್ದುಪಡಿ ಬೇಕಾಗುತ್ತದೆ. ಹೆಂಗಸರ ಸೈಕಲ್ಲಿಗೆ ಮೇಲಿನ ಅಡ್ಡಕೊಳವೆಯಿರುವುದಿಲ್ಲ. ಕರ್ನಾಟಕ ಸರ್ಕಾರವು ೨೦೦೬–೦೭ರಲ್ಲಿ ಪ್ರಾರಂಭಿಸಿದ ಯೋಜನೆಯಂತೆ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಲ್ಲಿ ಹುಡುಗಿಯರವು ಇಂಥವೇ. ಅವು ಒರಗಲು ಮೊಳಕಾಲಿಗಿಂತ ತುಸು ಮೇಲೆ ಇನ್ನೊಂದು ಅಡ್ಡಕಂಬಿಯನ್ನು ಬೆಸೆದರಾಯಿತು. ಮಕ್ಕಳ ಚಿಕ್ಕ ಸೈಕಲ್ಲಿಗೂ ಅದೇ ಒದಗುತ್ತದೆ. ಸವಾರನು ಕಟ್ಟುವ ಮೊದಲು ಕಂಬಿಯನ್ನು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡುವುದೊಳ್ಳೆಯದು. ನೆಲಕ್ಕೆ ಬೋಲ್ಟಿನಿಂದ ಬಿಗಿದದ್ದಾದರೆ ಬೋಲ್ಟು ಬಿಚ್ಚಿರಬಹುದು. ಮೊದಲೇ ಗರಗಸದಿಂದ ಕೊಯ್ದು, ಕೊಯ್ದ ಗಾಯಕ್ಕೆ ಪಟ್ಟಿ ಸುತ್ತಿಟ್ಟು, ರಾತ್ರಿಯಾದಮೇಲೆ ಬರುವ ಕಳ್ಳರೂ ಉಂಟು. ತುದಿಯಲ್ಲಿ ಫಲಕವಿಲ್ಲದ ಗಿಡ್ಡ ಕಂಬಕ್ಕೆ ಕಟ್ಟಿದರೆ ಸೈಕಲ್ಲನ್ನು ಬೀಗದ ಸಮೇತ ಮೇಲಕ್ಕೆತ್ತಿ ತೆಗೆಯುತ್ತಾರೆ.

ಸ್ಥಳದ ಮಾತು. ಕಟ್ಟಡದ ಹಿಂಬದಿ, ನೆಲಮಾಳಿಗೆಯ ಕೊನೆ, ಜನರೇಟರಿನ ಮಗ್ಗುಲು, ಇವು ಸೈಕಲ್ಲಿಗೆ ನಮ್ಮಲ್ಲಿ ಸಾಮಾನ್ಯವಾಗಿ ಮೀಸಲಾಗುವ ತಾಣಗಳು. ಕಳ್ಳನನ್ನೇ ಕೇಳಿ ಗೊತ್ತುಮಾಡಿದ್ದರೂ ಇಷ್ಟು ಚೆನ್ನಾಗಿ ಒದಗುತ್ತಿರಲಿಲ್ಲ. ಬಾಗಿಲಿನಿಂದ ಐವತ್ತು ಅಡಿಯೊಳಗೆ, ಹೋಗಿಬರುವವರ ಕಣ್ಣಿಗೆ ಬೀಳುವಂತೆ ಇರಬೇಕೆಂಬುದು ಈ ವಿಷಯವನ್ನು ಕುರಿತು ಆಲೋಚಿಸಿದವರ ಸಾಮಾನ್ಯ ಅಭಿಪ್ರಾಯ. ದಿನವೆಲ್ಲ ನಿಲ್ಲುವ ಕೆಲಸಗಾರರ ಸೈಕಲ್ಲಿಗೆ ಕಂಬಿಯ ಮೇಲೆ ಚಪ್ಪರವೂ ಬೇಕು, ಕಾವಲೂ ಬೇಕು. ನೆದರ್ಲೆಂಡಿನ ಯುಟ್ರೆಕ್ಟಿನ ರೈಲುನಿಲ್ದಾಣದ ಅಡಿಯಲ್ಲಿ ೨೦೧೯ರಲ್ಲಿ ಪೂರ್ತಿಯಾಗಿ ತೆರೆದ ತಾಣದಲ್ಲಿ ೧೨,೫೦೦ ಸೈಕಲ್ಲುಗಳಿಗೆ ಎಡೆಯಿದೆ. ಯಂತ್ರಗಳು ಎಷ್ಟೇ ಇದ್ದರೂ ಅಲ್ಲಿ ಕಾಯುವ ಜನರನ್ನು ತೆಗೆದುಹಾಕಿಲ್ಲ. ಹಡಪಸರದ ಹಳೆಯ ಬಿಲ್ಲೆಯವನ ಕಸುಬು ಅಲ್ಲಿ ಬೇರೆ ವೇಷದಲ್ಲಿ ಬಾಳುತ್ತಿದೆಯೆನ್ನಬಹುದು.

ಕಂಬಿಗೂ ಬೀಗಕ್ಕೂ ಇರುವ ಸಂಬಂಧವನ್ನು ಒಂದೇ ವರ್ಷದಲ್ಲಿ ಎರಡು ಊರುಗಳು ಎರಡು ಬಗೆಯಾಗಿ ಪರೀಕ್ಷಿಸಿದವು. ಮೈಸೂರಿನಲ್ಲಿ ೨೦೧೭ರ ಜೂನ್ ತಿಂಗಳಲ್ಲಿ ಪ್ರಾರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲಿನ ಯೋಜನೆಯಲ್ಲಿ ೪೫೦ ಸೈಕಲ್ಲುಗಳಿಗೆ ೪೮ ನಿಲ್ದಾಣಗಳಿದ್ದವು. ಬೀಗ ನೆಲದಲ್ಲಿ ಊರಿದ ಕಂಬಿಯಲ್ಲಿತ್ತು, ಸೈಕಲ್ಲು ಬಂದು ಅದಕ್ಕೆ ಕಚ್ಚಿಕೊಳ್ಳುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಪುಣೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಮೊದಲಾಗಿ ಮರುವರ್ಷ ಹಲವು ಕಂಪನಿಗಳು ಹರಡಿದ ಬಾಡಿಗೆ ಸೈಕಲ್ಲುಗಳಿಗೆ ಕಂಬಿಯೇ ಇರಲಿಲ್ಲ. ಎಲ್ಲಿ ಬೇಕಾದರೂ ಬಿಡಬಹುದೆಂಬುದೇ ಅವುಗಳ ಹೆಗ್ಗಳಿಕೆ. ಬೀಗ ಮೊಬೈಲಿನ ಆಜ್ಞೆಗೆ ತೆರೆಯುತ್ತಿದ್ದರೂ ಅದು ಹಿಂದಿನ ಚಕ್ರದ ಅದೇ ಹಳೆಯ ಲಾಳದ ಬೀಗ: ಸೈಕಲ್ಲನ್ನು ಸೈಕಲ್ಲಿಗೇ ಕಟ್ಟುವಂಥದು. ಕದ್ದವು, ಮುರಿದವು, ಮನೆಯೊಳಗೆ ಅಡಗಿಸಿಟ್ಟವು ಎಂಬ ವರದಿಗಳು ಬಹುಬೇಗ ಬಂದವು. ಎರಡು ಮೂರು ವರ್ಷಗಳೊಳಗೆ ಕಂಪನಿಗಳು ಹಿಂದೆ ಸರಿದವು. ಅವುಗಳ ಸೋಲಿಗೆ ಹಣಕಾಸಿನ ಕಾರಣಗಳೂ ಇದ್ದವು; ಎಲ್ಲವನ್ನೂ ಬೀಗದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಗೂಟವಿದ್ದ ಮೈಸೂರಿನ ಸೈಕಲ್ಲುಗಳು ಪುಣೆಯವು ಬೀದಿಯಿಂದ ಮರೆಯಾದ ಮೇಲೆಯೂ ಓಡುತ್ತಿದ್ದವು.

ಕಟ್ಟುವ ಕ್ರಮದಲ್ಲಿ ಅಮೆರಿಕದ ಸೈಕಲ್ ತಜ್ಞ ಷೆಲ್ಡನ್ ಬ್ರೌನ್ (೧೯೪೪–೨೦೦೮) ಪ್ರಚಾರಪಡಿಸಿದ ಉಪಾಯ ತಿಳಿದಿರತಕ್ಕದ್ದು. ಆಸನದ ಕೆಳಗಿನ ಕೊಳವೆ, ಹಿಂದಿನ ಚಕ್ರಕ್ಕೆ ಇಳಿಯುವ ಕೊಳವೆಗಳು, ನೆಲಕ್ಕೆ ಸಮನಾಗಿ ಹೋಗುವ ಕೊಳವೆಗಳು ಸೇರಿ ಚೌಕಟ್ಟಿನ ಹಿಂಭಾಗದಲ್ಲಿ ಒಂದು ತ್ರಿಕೋಣವಾಗುತ್ತದೆ. ಬೀಗವು ಆ ತ್ರಿಕೋಣದೊಳಗೆ ಬರುವ ಚಕ್ರದ ರಿಮ್ಮನ್ನು ಸುತ್ತಿ ಕಂಬಿಯನ್ನು ಹಿಡಿದರೆ ಸಾಕು. ಚೌಕಟ್ಟಿನ ಕೊಳವೆಯನ್ನು ಸುತ್ತಬೇಕಾದುದಿಲ್ಲ. ಏಕೆಂದರೆ ನಟ್ಟುಗಳನ್ನು ಬಿಚ್ಚಿದರೂ ಚಕ್ರವನ್ನು ತ್ರಿಕೋಣದೊಳಗಿಂದ ಎಳೆದು ಚೌಕಟ್ಟನ್ನು ಬಿಡಿಸಲಾಗದು. ರಿಮ್ಮನ್ನೇ ಗರಗಸದಿಂದ ಕೊಯ್ಯಲು ಹೊರಟರೆ, ಕಡ್ಡಿಗಳ ಎಳೆತದಲ್ಲಿರುವ ಅದು ಅಲಗನ್ನು ಕಚ್ಚಿಹಿಡಿಯುತ್ತದೆ. ಕೊಯ್ದರೂ ಬೆಲೆಬಾಳುವ ಚಕ್ರ ಹಾಳು. ನಮ್ಮ ಕರಿಯ ಸೈಕಲ್ಲಿನ ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿಗಳು, ಮುಂದಿನದಕ್ಕೆ ಮೂವತ್ತೆರಡು. ಹೀಗೆ ಚಿಕ್ಕ ಬೀಗ ಸಾಕಾಗುತ್ತದೆ. ಚಿಕ್ಕದಾದಷ್ಟೂ ಅದರೊಳಗೆ ಹಾರೆ ಅಥವಾ ಜಾಕನ್ನು ತೂರಿಸಿ ಹಿಗ್ಗಿಸಲು ಎಡೆ ಕಡಿಮೆ. ಆದರೆ ಮಡ್‌ಗಾರ್ಡು, ಕ್ಯಾರಿಯರು, ಚೈನಿನ ಮುಚ್ಚಳಗಳಿರುವ ನಮ್ಮ ಸೈಕಲ್ಲುಗಳಲ್ಲಿ ಚಿಕ್ಕ ಯು ಬೀಗ ಒಳಗೆ ನುಗ್ಗದಿರುವುದುಂಟು. ಅಂಥಲ್ಲಿ ಸರಪಳಿಯೇ ಲೇಸು: ಹಿಂದಿನ ಚಕ್ರ, ಆಸನದ ಕೊಳವೆ, ಕಂಬಿ, ಮೂರನ್ನೂ ಕೂಡಿಸಿ ಸಡಿಲವಿಲ್ಲದಂತೆ ಬಿಗಿಯಬೇಕು. ಬೀಗ ನೆಲಕ್ಕೆ ತಾಗಿರಬಾರದು; ತಾಗಿದ್ದರೆ ನೆಲವೇ ಅಡಿಗಲ್ಲಾಗಿ ಸುತ್ತಿಗೆಯ ಏಟು ಪೂರ್ತಿ ಬೀಳುತ್ತದೆ. ಲಾಳದ ಬೀಗವನ್ನೂ ಹಾಕುವುದು ದಂಡವಲ್ಲ; ಎರಡು ಬಗೆಯ ಬೀಗಕ್ಕೆ ಎರಡು ಬಗೆಯ ಆಯುಧ ಬೇಕು.

ಬಿಡಿಭಾಗಗಳ ಕಳವು ಬೇರೆಯದೇ ವಿದ್ಯೆ. ಗಂಟೆಯ ಮುಚ್ಚಳ, ಡೈನಮೋ, ಪಂಪು, ಸೀಟು, ಇವಕ್ಕೆಲ್ಲ ಬೀಗ ಹಾಕುತ್ತ ಕೂತರೆ ಸವಾರಿಗೆ ಹೊತ್ತು ಸಾಲದು. ಕಳಚಲು ಬರುವುದನ್ನು ಕೈಯಲ್ಲಿ ಒಯ್ಯುವುದೇ ಹಿಂದಿನವರ ರೂಢಿಯಾಗಿತ್ತು.

ಕಳವಾದ ಮೇಲೆ ಒಡೆಯನಿಗೆ ಆಸರೆಯಾಗುವುದು ಕಾಗದ. ಚೌಕಟ್ಟಿನ ಮೇಲೆ, ಆಸನದ ಕೊಳವೆಯಲ್ಲೋ ಪೆಡಲಿನ ಅಚ್ಚು ಕೂರುವ ಭಾಗದ ಅಡಿಯಲ್ಲೋ, ಒತ್ತಿದ ಸಂಖ್ಯೆಯೊಂದಿರುತ್ತದೆ. ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದ ಕಾಲದಲ್ಲಿ ಜನರು ಆ ತೆರಿಗೆಯನ್ನು ಬೈದುಕೊಂಡರೂ ಸೈಕಲ್ಲಿಗೆ ಒಂದು ದಾಖಲೆಯಿತ್ತು. ತೆರಿಗೆ ಹೋಯಿತು, ದಾಖಲೆಯೂ ಹೋಯಿತು. ಈಗ ಸಂಖ್ಯೆಯನ್ನು ಒಡೆಯನೇ ಬರೆದಿಟ್ಟು ಅಂಗಡಿಯ ರಸೀದಿಯೊಡನೆ ಕಾಪಾಡಬೇಕು. ಇಲ್ಲವಾದರೆ ಪೊಲೀಸರ ಕೈಗೆ ಸಿಕ್ಕಿದ ಸೈಕಲ್ಲು ತನ್ನದೇ ಎಂದು ತೋರಿಸುವುದು ಕಷ್ಟ. ಕೂಲಿಯವನು ಕೊಳ್ಳುವುದು ಬಹುಮಟ್ಟಿಗೆ ಹಳೆಯ ಸೈಕಲ್ಲನ್ನು, ರಸೀದಿಯಿಲ್ಲದೆ. ಮಾರಿದವನು ಕದ್ದು ತಂದಿದ್ದರೆ, ೧೯೩೦ರ ಸರಕು ಮಾರಾಟ ಅಧಿನಿಯಮದ ೨೭ನೆಯ ಪ್ರಕರಣದಂತೆ, ಮಾರಿದವನಿಗಿಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ. ಹಣವೂ ಹೋಯಿತು, ಸೈಕಲ್ಲೂ ಹೋಯಿತು. ಬರೆಯಿಸಿಕೊಂಡ ಒಂದು ಚೀಟಿ, ಚೌಕಟ್ಟಿನ ಸಂಖ್ಯೆಯೊಡನೆ, ಕೊಳ್ಳುವವನ ಒಳ್ಳೆಯ ನಂಬಿಕೆಗಾದರೂ ಸಾಕ್ಷಿಯಾಗುತ್ತದೆ.

೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೦೩ನೆಯ ಪ್ರಕರಣ ಕಳ್ಳತನವನ್ನು ಕುರಿತದ್ದು. ಕದ್ದ ವಸ್ತುವಿನ ಬೆಲೆ ಐದು ಸಾವಿರ ರೂಪಾಯಿಗೆ ಕಡಿಮೆಯಾಗಿದ್ದು, ಅಪರಾಧಿ ಮೊದಲ ಸಲ ಶಿಕ್ಷೆಗೊಳಗಾಗುವವನಾಗಿದ್ದು, ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ, ಸೆರೆಮನೆಯ ಬದಲು ಸಮುದಾಯ ಸೇವೆಯ ಶಿಕ್ಷೆಯನ್ನು ಅದು ಹೇಳುತ್ತದೆ. ಹೊಸದಾಗಿ ತಪ್ಪುದಾರಿ ಹಿಡಿದ ಹುಡುಗನನ್ನು ಸೆರೆಮನೆಯ ಸಹವಾಸದಿಂದ ಉಳಿಸುವ ಈ ಏರ್ಪಾಡು ಒಳ್ಳೆಯದೆಂದೇ ಹೇಳಬೇಕು. ಆದರೆ ಕೆಲಸಗಾರರ ಹಳೆಯ ಸೈಕಲ್ಲುಗಳು ಬಹುತೇಕ ಈ ಐದು ಸಾವಿರದ ಕೆಳಗೇ ಬೀಳುತ್ತವೆ. ಬೆಲೆಯ ಲೆಕ್ಕದಲ್ಲಿ ಅದು ಸಣ್ಣ ಕಳವು. ಮರುದಿನ ಬೆಳಗ್ಗೆ ಫುರಸುಂಗಿಯಿಂದ ಹಡಪಸರದ ಕೆಲಸಕ್ಕೆ ನಡೆದು ಹೊರಡಬೇಕಾದವನ ಲೆಕ್ಕದಲ್ಲಿ ಹಾಗಲ್ಲ.

ಮಳೆಗಾಲದ ಮಾತೊಂದು ಉಳಿದಿದೆ. ಪುಣೆಯ ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಬೀಗದೊಳಗೆ ನೀರಿಳಿದು ತುಕ್ಕು ಹಿಡಿಯುತ್ತದೆ. ಒಡೆಯನೇ ತೆರೆಯಲಾರದೆ ಸೈಕಲ್ಲನ್ನು ಹೊತ್ತುಕೊಂಡು ರಿಪೇರಿಯವನ ಬಳಿಗೆ ಹೋಗುವಾಗ ಜನರು ಅವನನ್ನೇ ಅನುಮಾನದಿಂದ ನೋಡುವುದುಂಟು. ಕೀಲಿಯ ತೂತು ಕೆಳಮುಖವಾಗಿರುವಂತೆ ಬೀಗ ಹಾಕಿ, ಮಳೆ ಹಿಡಿಯುವ ಮೊದಲೊಮ್ಮೆ ನಡುವೆ ಒಮ್ಮೆ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ತೊಟ್ಟು ಬಿಟ್ಟರೆ ಅದು ಸಲೀಸಾಗಿ ತಿರುಗುತ್ತದೆ. ಬೀಗದೊಡನೆ ಬಂದ ಎರಡನೆಯ ಕೀಲಿಕೈಯನ್ನು ಅದೇ ಗೊಂಚಲಿನಲ್ಲಿ ಇಡದೆ ಮನೆಯಲ್ಲಿ ಬಿಡಬೇಕು.